ಮಕ್ಕಳ ಪುನಶ್ಚೇತನ: ಹೊಸ ವೈದ್ಯರಿಗೆ ಮೊದಲು ಏನು ಕಲಿಸಬೇಕು?

ಪಿಎಂಆರ್ ಪಾಠ, ಕಲಬುರಗಿ

ಮಕ್ಕಳ ಪುನಶ್ಚೇತನದಲ್ಲಿ (ಪಿಎಂಆರ್, ಅಂದರೆ ಭೌತಿಕ ಚಿಕಿತ್ಸೆ ಮತ್ತು ಪುನಶ್ಚೇತನ ವಿಭಾಗ) ಪ್ರಾಧ್ಯಾಪಕರಾದವರ ಎದುರಿಗೆ ಯಾವಾಗಲೂ ಇಬ್ಬರು ಇರುತ್ತಾರೆ. ಚಾಪೆ ಮೇಲಿನ ಕೂಸು ಒಂದು, ಪಕ್ಕದಲ್ಲಿ ನಿಂತ ವಿದ್ಯಾರ್ಥಿ ಇನ್ನೊಂದು. ಎಂಬಿಬಿಎಸ್ ಆದ ಮೇಲೆ 3 ವರ್ಷದ ಎಂಡಿ, ಆಮೇಲೆ ಸೀನಿಯರ್ ರೆಸಿಡೆಂಟ್, ಸಹಾಯಕ, ಸಹ ಪ್ರಾಧ್ಯಾಪಕ ಅಂತ ಏರಿ ಬಂದವರು ಸೇವೆಯುದ್ದಕ್ಕೂ ತಾವೇ ನೋಡಬಹುದಾದ ಮಕ್ಕಳ ಸಂಖ್ಯೆಗೆ ಮಿತಿ ಇದೆ. ಇವತ್ತಿನ ಹೌಸ್‌ಸರ್ಜನ್ (ತರಬೇತಿಯಲ್ಲಿರುವ ಹೊಸ ವೈದ್ಯ) ನಾಳೆ ಚಿಂಚೋಳಿ, ಔರಾದ, ಶಹಾಪುರದಲ್ಲಿ ಕೂರುತ್ತಾರೆ. ಎರಡು ವರ್ಷವಾದರೂ ಕೂರದ ಮಗುವನ್ನು ಎಲ್ಲರಿಗಿಂತ ಮುಂಚೆ ನೋಡುವವರು ಅವರೇ.

ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗೆ ಆದ ಹಾನಿಯಿಂದ ಚಲನೆ, ಭಂಗಿಗೆ ಬರುವ ತೊಂದರೆ) ಇರುವ ಒಂದು ಮಗು, ಕೈಯಲ್ಲಿ ಅರ್ಧ ಗಂಟೆ. ಏನು ತೋರಿಸಬೇಕು? ನನ್ನ ಕ್ರಮ ಹೀಗಿದೆ, ತಪ್ಪಿದ್ದರೆ ತಿದ್ದಿ.

ಮೊದಲ 5 ನಿಮಿಷ ಮಗುವನ್ನು ಮುಟ್ಟುವುದಿಲ್ಲ. ಎತ್ತರದ ಎಕ್ಸಾಮಿನೇಶನ್ ಟೇಬಲ್ ಬೇಡ, ನೆಲದ ಮೇಲೆ ಚಾಪೆ, ಪಕ್ಕದಲ್ಲಿ ತಾಯಿ. ತಾಯಿ ಮಗುವನ್ನು ಹೇಗೆ ಎತ್ತಿಕೊಳ್ಳುತ್ತಾಳೆ, ಇಳಿಸಿದ ತಕ್ಷಣ ಮಗು ಯಾವ ಭಂಗಿಗೆ ಹೋಗುತ್ತದೆ, ಯಾವ ಕೈ ಚಾಚುತ್ತದೆ ಅನ್ನುವುದನ್ನು ಬರೆಯಬೇಕು. ಮೊದಲೇ ಕಾಲು ಹಿಡಿದು ಎಳೆದರೆ ಮಗು ಅಳುತ್ತದೆ, ಅತ್ತ ಮಗುವಿನ ಬಿಗಿತ ಎರಡು ಪಟ್ಟಾಗಿ ಕಾಣುತ್ತದೆ, ಆಮೇಲೆ ಮಾಡಿದ ಅಳತೆಗೆ ಅರ್ಥ ಉಳಿಯುವುದಿಲ್ಲ.

ಆಮೇಲೆ ಜಿಎಂಎಫ್‌ಸಿಎಸ್ ಮಟ್ಟ, ಅಂದರೆ ಮಗು ಎಷ್ಟರ ಮಟ್ಟಿಗೆ ಓಡಾಡಬಲ್ಲದು ಎಂಬುದು. 1997ರಲ್ಲಿ ಕೆನಡಾದಲ್ಲಿ ರೂಪುಗೊಂಡ ಈ ವರ್ಗೀಕರಣದಲ್ಲಿ 5 ಮಟ್ಟಗಳಿವೆ. 1 ಅಂದರೆ ಓಡಾಟಕ್ಕೆ ಅಡ್ಡಿಯಿಲ್ಲ, 2 ಅಂದರೆ ಮೆಟ್ಟಿಲಿಗೆ ಕಂಬಿ ಬೇಕು, 3 ಅಂದರೆ ಕೈಯಲ್ಲಿ ವಾಕರ್ ಅಥವಾ ಕೋಲು ಬೇಕು, 4ರಲ್ಲಿ ಹೆಚ್ಚಿನ ಓಡಾಟ ಗಾಲಿಕುರ್ಚಿಯಲ್ಲೇ, 5ರಲ್ಲಿ ಕುತ್ತಿಗೆ ನಿಲ್ಲಿಸಲೂ ಆಸರೆ ಬೇಕು. ವಿದ್ಯಾರ್ಥಿಗಳು ಮಾಡುವ ತಪ್ಪು ಎಂದರೆ ಮಗು ಒಮ್ಮೆ ಮಾಡಿ ತೋರಿಸಿದ ಅತ್ಯುತ್ತಮ ಚಲನೆಗೆ ಅಂಕ ಕೊಡುವುದು. ಮನೆಯಲ್ಲಿ, ಶಾಲೆಯಲ್ಲಿ, ಹೊರಗೆ ದಿನಾಲೂ ಹೇಗೆ ಓಡಾಡುತ್ತದೆ ಎಂಬುದಷ್ಟೇ ಲೆಕ್ಕ. ವಯಸ್ಸಿನ ಗುಂಪಿಗೆ ತಕ್ಕಂತೆ ವಿವರಣೆ ಬೇರೆ ಬೇರೆ ಇರುವುದರಿಂದ 18 ತಿಂಗಳ ಮಗುವಿಗೆ 5 ವರ್ಷದವರ ಪುಟ ಓದಬಾರದು.

ಶಿಶುವೈದ್ಯ, ಯಾದಗಿರಿ

ಸರ್, ನಿಮ್ಮ ಕ್ರಮ ಒಪ್ಪಿದೆ. ಆದರೆ ಎರಡು ವರ್ಷದ ಮಗುವಿನಿಂದ ಪಾಠ ಶುರು ಮಾಡಿದರೆ ವಿದ್ಯಾರ್ಥಿ ತಡವಾಗಿ ನೋಡುವುದನ್ನೇ ಕಲಿಯುತ್ತಾನೆ. ಎಸ್‌ಎನ್‌ಸಿಯುನಿಂದ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಮನೆಗೆ ಹೋದ ಕೂಸು ಮರುಪರೀಕ್ಷೆಗೆ ಬರುವ ದಿನ ಅವನನ್ನು ಅಲ್ಲಿ ನಿಲ್ಲಿಸಿ.

ಸರಿಪಡಿಸಿದ ವಯಸ್ಸಿನ ಲೆಕ್ಕ ಮೊದಲು. 32 ವಾರಕ್ಕೆ ಹುಟ್ಟಿದ ಕೂಸು 8 ವಾರ ಮುಂಚೆ ಬಂದಿದೆ, ಹಾಗಾಗಿ 6 ತಿಂಗಳಾದಾಗ ಅದರ ಬೆಳವಣಿಗೆಯ ವಯಸ್ಸು ಸುಮಾರು 4 ತಿಂಗಳು. 2 ವರ್ಷದವರೆಗೆ ಹೀಗೇ ಕಳೆಯಬೇಕು. ಇದನ್ನು ಮರೆತರೆ ಸರಿಯಿರುವ ಕೂಸಿಗೆ ಹಣೆಪಟ್ಟಿ ಹಚ್ಚುತ್ತೇವೆ. ಎಲ್ಲ ತಡವನ್ನೂ ದಿನ ತುಂಬದ್ದಕ್ಕೆ ಹೊರಿಸಿದರೆ ನಿಜವಾದ ತೊಂದರೆ ಕೈತಪ್ಪುತ್ತದೆ.

ಸರಿಪಡಿಸಿದ ವಯಸ್ಸು 3ರಿಂದ 5 ತಿಂಗಳಿರುವಾಗ ಕೂಸಿನ ಸ್ವಾಭಾವಿಕ ಚಲನೆಯ ವಿಡಿಯೊ ಬೇಕು. ಅಂಗಾತ ಮಲಗಿಸಿ, ಎಚ್ಚರವಿರುವಾಗ, ಕೈಕಾಲು ಬರಿದಾಗಿರಲಿ, ಆಟಿಕೆ ಬೇಡ, ಯಾರೂ ಮಾತಾಡಿಸಬಾರದು, 3ರಿಂದ 5 ನಿಮಿಷ. ಕುತ್ತಿಗೆ, ಭುಜ, ಮಣಿಕಟ್ಟು, ಸೊಂಟ, ಪಾದಗಳಲ್ಲಿ ಎಲ್ಲ ದಿಕ್ಕಿಗೂ ಸಣ್ಣದಾಗಿ, ನಯವಾಗಿ ಹರಿಯುವ ಚಲನೆ ಕಾಣಬೇಕು. ಅದು ಪೂರ್ತಿ ಇಲ್ಲವೆಂದರೆ ಕಾಯುವ ಮಾತಿಲ್ಲ. ಆ ವಿಡಿಯೊ ನೋಡಿ ಅರ್ಥೈಸುವುದಕ್ಕೆ ತರಬೇತಿ ಬೇಕು, ಚಿತ್ರೀಕರಣವನ್ನು ಯಾವ ಹೌಸ್‌ಸರ್ಜನ್ ಬೇಕಾದರೂ ಮಾಡಬಹುದು. ಅದರ ಜೊತೆ ಹ್ಯಾಮರ್‌ಸ್ಮಿತ್ ಶಿಶು ಪರೀಕ್ಷೆ (ಕೂಸಿನ ನರಮಂಡಲದ ತಪಾಸಣೆ): 26 ಅಂಶ, ಗರಿಷ್ಠ 78 ಅಂಕ.

ವರ್ಷ ತುಂಬುವ ಮುಂಚೆಯೇ ಒಂದೇ ಕೈ ಬಳಸುವ ಕೂಸನ್ನು ನೋಡಿ ಮನೆಯವರು “ಎಡಗೈಯವ ಆಗ್ತಾನ” ಅಂತ ಖುಷಿಪಡುತ್ತಾರೆ. ಆ ವಯಸ್ಸಿಗೆ ಕೈ ಆಯ್ಕೆ ಇರಬಾರದು. ಇನ್ನೊಂದು ಕೈ ಪರೀಕ್ಷೆ ಮಾಡಿ.

ನಮ್ಮ ಭಾಗಕ್ಕೆ ಇನ್ನೊಂದು ಮಾತು ಕಡ್ಡಾಯ. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಇಲ್ಲಿ ಸಾಮಾನ್ಯ, ಹಾಗಾಗಿ ವಂಶಪಾರಂಪರ್ಯ ಕಾಯಿಲೆ ನೆನಪಿರಲಿ. ಹೆರಿಗೆ ಸಲೀಸಾಗಿ ಆಗಿದೆ, ಕೂಸು ಕೂಡಲೇ ಅತ್ತಿದೆ, ಎಂಆರ್‌ಐಯಲ್ಲಿ ಹಾನಿ ಕಾಣುತ್ತಿಲ್ಲ, ಆದರೂ ಬಿಗಿತ ಇದೆ ಎಂದರೆ ಸೆರೆಬ್ರಲ್ ಪಾಲ್ಸಿ ಅಂತ ಬರೆದು ಫೈಲ್ ಮುಚ್ಚಬೇಡಿ. ಕಲಿತದ್ದನ್ನು ಮಗು ಕಳೆದುಕೊಳ್ಳುತ್ತಿದ್ದರೆ ಅದು ಸೆರೆಬ್ರಲ್ ಪಾಲ್ಸಿ ಅಲ್ಲವೇ ಅಲ್ಲ. ಬೆಳಿಗ್ಗೆ ನಡೆದು ಸಂಜೆಗೆ ಕಾಲು ತಿರುಚಿಕೊಳ್ಳುವ ಮಗು ಲೆವೊಡೋಪಾ ಔಷಧಿ ಕೊಟ್ಟರೆ ಚೇತರಿಸಿಕೊಳ್ಳುವ ಡಿಸ್ಟೋನಿಯಾ (ಸ್ನಾಯು ತಾನಾಗಿ ತಿರುಚಿಕೊಳ್ಳುವ ತೊಂದರೆ) ಇರುವ ಮಗು ಆಗಿರಬಹುದು. ಬೆಳಿಗ್ಗೆ ಹೇಗೆ, ಸಂಜೆ ಹೇಗೆ ಎಂಬ ಆ ಒಂದು ಪ್ರಶ್ನೆ ಕೇಳದೆ ಬಿಟ್ಟರೆ ಗುಣವಾಗುವ ಮಗುವಿಗೆ ವರ್ಷಗಟ್ಟಲೆ ಬರೀ ವ್ಯಾಯಾಮ ಹೇಳಿದಂತಾಗುತ್ತದೆ.

ಫಿಸಿಯೊ, ಜೇವರ್ಗಿ

ಡಾಕ್ಟ್ರೇ, ಇಬ್ಬರೂ ಹೇಳಿದ್ದು ಬರೋಬರಿ ಅದ. ಆದ್ರ ಕಡೀಕ ಚೀಟಿ ಮ್ಯಾಲ ಬರೋದು ಏನು? “ಸ್ಪಾಸ್ಟಿಕ್ (ಬಿಗಿತ), ಫಿಸಿಯೊಥೆರಪಿ ಮಾಡಿಸಿ.” ಇದು ಚೀಟಿ ಅಲ್ರಿ. ಎಳೆಯೋದೋ, ನಿಲ್ಲಿಸೋದೋ, ಎಷ್ಟು ಸಲ, ಏನಾದ್ರ ಸಾಕು, ಒಂದೂ ಇರಂಗಿಲ್ಲ.

ಗುರಿ ಬರೆಯೋದು ಕಲಿಸ್ರಿ. “ಬಿಗಿತ ಕಡಿಮಿ ಮಾಡೋದು” ಗುರಿ ಅಲ್ಲ. “ಎರಡು ತಿಂಗಳದಾಗ 10 ಇಂಚಿನ ಮಣಿ (ಕುಂದ್ರೋ ಮಣೆ) ಮ್ಯಾಲಿಂದ ಒಂದು ಕೈ ಆಸರದಿಂದ ಏಳಬೇಕು” ಅಂದ್ರ ಅದು ಗುರಿ. ಯಾಕಂದ್ರ ಕೂಸು ಮಣಿ ಮ್ಯಾಲಿಂದ ಎದ್ರ ತಾಯಿಗಿ ಎತ್ತೋ ಭಾರ ಇಳೀತದ, ಚಡ್ಡಿ ಹಾಕೋದು ಹಗುರ ಆಗ್ತದ.

ಆ ವ್ಯಾಯಾಮ ಹಿಂಗ ಮಾಡಿಸ್ರಿ. ಮೊದಲ ಮಣಿ ಎತ್ತರ ಇರಲಿ, ಮೊಣಕಾಲಿಗಿಂತ ಸೊಂಟ ಸ್ವಲ್ಪ ಮ್ಯಾಲ ಇರಬೇಕು. ಎರಡೂ ಹಿಮ್ಮಡಿ ನೆಲಕ್ಕ ತಾಗಬೇಕು, ಮೊಣಕಾಲಿಗಿಂತ ಪಾದ ಚೂರು ಹಿಂದ. ಆಟಿಗಿ ಎದುರಿಗೆ ಹಿಡೀರಿ, ಮ್ಯಾಲ ಹಿಡೀಬ್ಯಾಡ್ರಿ. ಮ್ಯಾಲ ಹಿಡಿದ್ರ ಕೂಸು ಬೆನ್ನು ಹಿಂದಕ್ಕ ಬಿಲ್ಲಿನಂಗ ಮಾಡಿ ಬೀಳ್ತದ. ಮೂಗು ಪಾದದ ಬೆರಳು ದಾಟಿ ಮುಂದ ಬಂದ್ರನ ಕುಂಡಿ ಏಳ್ತದ. ಒಂದು ಸರ್ತಿಗೆ 10, ದಿನಕ್ಕ 3 ಸರ್ತಿ. 10 ಸಲೀಸ ಆದ್ವು ಅಂದ್ರ ಮಣಿ ಒಂದು ಇಂಚು ಇಳಸ್ರಿ. ಕೂತುಕೊಳ್ಳೋವಾಗ ದಪ್ಪಂತ ಬಿದ್ರ ಇಳಿಸೋ ಹೊತ್ತು ಇನ್ನೂ ಬಂದಿಲ್ಲ ಅಂತ ತಿಳೀರಿ.

ಬರೀ ಕಾಲು ಎಳೆದು ಬಿಡೋದರಿಂದ ಕೆಲಸ ಬರಂಗಿಲ್ಲ. ಮಾಡೋ ಕೆಲಸನೇ ಮತ್ತ ಮತ್ತ ಮಾಡಿಸಿದ್ರ ಬರ್ತದ. ಇನ್ನ ಎಣ್ಣಿ ಹಚ್ಚಿ ತಿಕ್ಕೋದು: ಹಚ್ಚಲಿ, ಬ್ಯಾಡ ಅನಬ್ಯಾಡ್ರಿ, ಕೂಸಿಗಿ ಹಿತ ಆಗ್ತದ. ಆದ್ರ ಜೋರಾಗಿ ತಿರುವಿ ಎಳಿಬಾರದು. ನಿಲ್ಲಲಾರದ ಮಕ್ಕಳ ಎಲುಬು ಸವಕಲು ಇರ್ತಾವ, ಅದರಾಗ ಫಿಟ್ಸ್ ಗುಳಿಗಿ ನಡೆದಿದ್ರ ಇನ್ನೂ. ಅರಿವಿ ಬದಲಿ ಮಾಡೋವಾಗನೇ ತೊಡಿ ಎಲುಬು ಮುರಿಯೋದು ಅದ.

ಪಿಜಿ, ಮಕ್ಕಳ ವಿಭಾಗ

ಪ್ರಶ್ನೆ ಒಂದಿದೆ ಸರ್. ತುದಿಗಾಲಲ್ಲಿ ನಡೆಯುವ ಮಗುವಿಗೆ ಯಾವಾಗ ಬೊಟುಲಿನಂ (ಬಿಗಿತ ಸಡಿಲಿಸುವ ಚುಚ್ಚುಮದ್ದು), ಯಾವಾಗ ಪ್ಲಾಸ್ಟರ್, ಯಾವಾಗ ಆಪರೇಶನ್? ಪುಸ್ತಕದಲ್ಲಿ ಮೂರೂ ಒಂದೇ ಪುಟದಲ್ಲಿವೆ.

ಪಿಎಂಆರ್ ಪಾಠ, ಕಲಬುರಗಿ

ಉತ್ತರ ಕೀಲಿನ ಕೋನ ಅಳೆಯುವ ಗೋನಿಯೋಮೀಟರ್‌ನಲ್ಲಿದೆ. ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು ನೇರ ಇಡಿ. ಹಿಮ್ಮಡಿಯನ್ನು ಸ್ವಲ್ಪ ಒಳಗೆ ತಿರುಗಿಸಿ ಭದ್ರಪಡಿಸಿಕೊಂಡು ಆಮೇಲೆ ಪಾದ ಮೇಲೆತ್ತಿ. ಹಾಗೆ ಹಿಡಿಯದಿದ್ದರೆ ನಡುಪಾದ ಬಾಗಿ ಹಿಮ್ಮಡಿ ಬಂದಂತೆ ಸುಳ್ಳು ಅಳತೆ ಸಿಗುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಮೊದಲು ನಿಧಾನಕ್ಕೆ ಎತ್ತಿ, ಎಲ್ಲಿಯವರೆಗೆ ಬರುತ್ತದೆ ಬರೆಯಿರಿ. ಆಮೇಲೆ ರಭಸವಾಗಿ ಎತ್ತಿ, ಎಲ್ಲಿ ತಟ್ಟನೆ ತಡೆ ಸಿಗುತ್ತದೆ ಬರೆಯಿರಿ. ಎರಡರ ಅಂತರ ದೊಡ್ಡದಿದ್ದರೆ ತೊಂದರೆ ಬಿಗಿತದ್ದು, ಬೊಟುಲಿನಂಗೆ ಜಾಗ ಇದೆ. ನಿಧಾನಕ್ಕೆ ಎತ್ತಿದರೂ ಅಲ್ಲೇ ನಿಂತರೆ ಸ್ನಾಯು ಮೊಟಕಾಗಿದೆ, ಚುಚ್ಚುಮದ್ದಿನಿಂದ ಅದು ಉದ್ದ ಆಗುವುದಿಲ್ಲ. ಸಣ್ಣ ಮೊಟಕಿಗೆ ವಾರಕ್ಕೋ ಎರಡು ವಾರಕ್ಕೋ ಬದಲಿಸುವ ಸರಣಿ ಪ್ಲಾಸ್ಟರ್. ಮೊಣಕಾಲು ಮಡಚಿ ಮತ್ತೆ ಅಳೆಯಿರಿ: ಮಡಚಿದಾಗ ಪಾದ ಚೆನ್ನಾಗಿ ಬಂದು, ನೇರ ಇಟ್ಟಾಗ ಬರದಿದ್ದರೆ ಮೀನಖಂಡದ ಮೇಲಿನ ಸ್ನಾಯುವಿನದು ಮಾತ್ರ ತೊಂದರೆ. ಎರಡೂ ಸ್ಥಿತಿಯಲ್ಲಿ ಬರದಿದ್ದರೆ ಒಳಗಿನ ಸ್ನಾಯುವೂ ಸೇರಿದೆ.

ಬೊಟುಲಿನಂ ಕೆಲಸ 3ರಿಂದ 7 ದಿನಕ್ಕೆ ಶುರುವಾಗಿ ಸುಮಾರು 3 ತಿಂಗಳು ಇರುತ್ತದೆ, 12 ವಾರಕ್ಕಿಂತ ಮುಂಚೆ ಮತ್ತೆ ಕೊಡುವುದಿಲ್ಲ. ಒಂದು ಕಂಪನಿಯ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮ ಅಲ್ಲ, ಆ ಚಾರ್ಟ್ ನೋಡಿ ಈ ಬಾಟಲಿ ಎಳೆಯಬಾರದು. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಔಷಧಿ. ಏಪ್ರಿಲ್-ಮೇನಲ್ಲಿ ಅಂಗಡಿಯಿಂದ ವಾರ್ಡಿಗೆ ಬರುವ ದಾರಿಯಲ್ಲಿ ಐಸ್‌ಪ್ಯಾಕ್ ಇತ್ತೇ ಅಂತ ಕೇಳುವುದು ಇಲ್ಲಿ ಚಿಕಿತ್ಸೆಯ ಭಾಗ. ಚುಚ್ಚಿದ ಮೇಲೆ ಆ ಮೂರು ತಿಂಗಳಲ್ಲಿ ಏನು ಮಾಡಿಸುತ್ತೀರಿ ಅಂತ ಮೊದಲೇ ಬರೆದಿರದಿದ್ದರೆ ಚುಚ್ಚಲೇಬೇಡಿ.

ಮೂಳೆ ವೈದ್ಯ, ಬೀದರ್

ಆಪರೇಶನ್ ಬಗ್ಗೆ ನಾನು ಸೇರಿಸುತ್ತೇನೆ. ಎರಡೂ ಕಾಲಿಗೆ ಬಿಗಿತ ಇರುವ ಸಣ್ಣ ಮಗುವಿಗೆ ಹಿಮ್ಮಡಿ ನರ ಅಂತ ಜನ ಕರೆಯುವ ಅಕಿಲಿಸ್ ಸ್ನಾಯುರಜ್ಜುವನ್ನು ಮಾತ್ರ ಬೇಗ ಉದ್ದ ಮಾಡಿಬಿಡುವುದು ಈ ಕ್ಷೇತ್ರದ ಹಳೆಯ ತಪ್ಪು. ಹಿಮ್ಮಡಿ ಕೂಡಲೇ ನೆಲ ಮುಟ್ಟುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಮೀನಖಂಡದ ಬಲ ಹೋದ ಮೇಲೆ ಮೊಣಕಾಲನ್ನು ನೇರ ಹಿಡಿಯುವ ಶಕ್ತಿಯೂ ಹೋಗುತ್ತದೆ. ಬೆಳೆದಂತೆ ಮಗು ಮೊಣಕಾಲು, ಸೊಂಟ ಎರಡೂ ಮಡಚಿ ಕುಕ್ಕರಿಸಿದಂತೆ ನಡೆಯುತ್ತದೆ. ತುದಿಗಾಲನ್ನು ಮತ್ತೆ ಸರಿಮಾಡಬಹುದು. ಕುಕ್ಕರು ನಡಿಗೆಯಿಂದ ಮರಳುವುದು ಬಹಳ ಕಷ್ಟ. ಅದಕ್ಕೇ ಸಾಧ್ಯವಾದಷ್ಟು ತಡೆದು, ಸೊಂಟ, ಮೊಣಕಾಲು, ಪಾದ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿ ಒಂದೇ ಸಲಕ್ಕೆ ಮಾಡುವುದು. ವರ್ಷಕ್ಕೊಂದು ಆಪರೇಶನ್ ಮಾಡಿದರೆ ಮಗುವಿನ ಬಾಲ್ಯ ಆಸ್ಪತ್ರೆಯಲ್ಲೇ ಕಳೆಯುತ್ತದೆ.

ಆದರೆ ಹೌಸ್‌ಸರ್ಜನ್‌ಗೆ ಕಲಿಸಬೇಕಾದ್ದು ಪಾದಕ್ಕಿಂತ ಮುಖ್ಯವಾಗಿ ಸೊಂಟದ ಕೀಲಿನ ಎಕ್ಸ್‌ರೇ. ಮಟ್ಟ ಏರಿದಂತೆ ಕೀಲು ಜಾರುವ ಅಪಾಯ ಏರುತ್ತದೆ. 5ನೇ ಮಟ್ಟದ ಬಹುಪಾಲು ಮಕ್ಕಳಲ್ಲಿ ಜಾರುತ್ತದೆ, ಮೊದಲು ನೋವೂ ಇರುವುದಿಲ್ಲ. 12ರಿಂದ 24 ತಿಂಗಳ ನಡುವೆ ಮೊದಲ ಎಕ್ಸ್‌ರೇ, 3ರಿಂದ 5ನೇ ಮಟ್ಟದವರಿಗೆ ಆಮೇಲೆ 6ರಿಂದ 12 ತಿಂಗಳಿಗೊಮ್ಮೆ. ತೊಡೆಮೂಳೆಯ ತಲೆ ಶೇಕಡಾ 30ಕ್ಕಿಂತ ಹೆಚ್ಚು ಬಟ್ಟಲಿನಿಂದ ಹೊರಗಿದ್ದರೆ ಮೂಳೆ ವಿಭಾಗಕ್ಕೆ ಕಳಿಸಿ. ತೊಡೆ ಅಗಲಿಸಲು ಬರುತ್ತದೆ ಅಂತ ಎಕ್ಸ್‌ರೇ ಬಿಡಬೇಡಿ.

ಎಕ್ಸ್‌ರೇ ಕೋಣೆಗೆ ವಿದ್ಯಾರ್ಥಿ ತಾನೇ ಹೋಗಬೇಕು. ಕಾಲು ಸಮಾನಾಂತರ, ಎರಡೂ ಮಂಡಿಚಿಪ್ಪು ನೇರ ಮೇಲ್ಮುಖ, ಸೊಂಟ ಓರೆಯಾಗಬಾರದು. ತೊಡೆ ಮಡಚಿಯೇ ಇರುವ ಮಗುವಿಗೆ ಬೆನ್ನು ಕಮಾನಾಗುತ್ತದೆ, ಆಗ ತೊಡೆಯ ಕೆಳಗೆ ದಿಂಬು ಕೊಟ್ಟು ಬೆನ್ನನ್ನು ಮೇಜಿಗೆ ತಾಗಿಸಿ. ಹೀಗೆ ಮಾಡದೆ ತೆಗೆದ ಚಿತ್ರದಲ್ಲಿ ಶೇಕಡಾವಾರು ಅಳೆದರೆ ಆರು ತಿಂಗಳ ಹಿಂದಿನದರ ಜೊತೆ ಹೋಲಿಸಲು ಬರುವುದಿಲ್ಲ.

ಆರ್ಥೊಟಿಸ್ಟ್ (ಸ್ಪ್ಲಿಂಟ್ ಮಾಡಿಕೊಡುವವರು), ಕಲಬುರಗಿ

ಎಎಫ್‌ಒ (ಕಣಕಾಲು, ಪಾದಕ್ಕೆ ಹಾಕುವ ಸ್ಪ್ಲಿಂಟ್) ಬಗ್ಗೆ ಯಾರೂ ಮಾತಾಡಿಲ್ಲ. ಮೂಲೆಯಲ್ಲಿ ಬಿದ್ದಿರುವ ಸ್ಪ್ಲಿಂಟ್‌ಗಳಲ್ಲಿ ಹೆಚ್ಚಿನವಕ್ಕೆ ಕಾರಣ ಎರಡು. ಒಂದು, ಮೊಣಕಾಲು ನೇರ ಇದ್ದಾಗ ಪಾದ 90 ಡಿಗ್ರಿಗೆ ಬಾರದ ಕಾಲಿಗೆ 90 ಡಿಗ್ರಿಯ ಎಎಫ್‌ಒ ಬರೆದಿರುತ್ತಾರೆ. ಹಿಮ್ಮಡಿ ಒಳಗೆ ಕೂರುವುದಿಲ್ಲ, ನಡುಪಾದ ಬಾಗುತ್ತದೆ, ಮಗು ನೋವಿಗೆ ಅಳುತ್ತದೆ, ತಾಯಿ ಬಿಚ್ಚಿಡುತ್ತಾಳೆ. ಅಂಥ ಕಾಲಿಗೆ ಬಂದಷ್ಟೇ ಕೋನದಲ್ಲಿ ಮಾಡಿ, ಹಿಮ್ಮಡಿ ಕೆಳಗೆ ಎತ್ತರ ಕೊಡಿ. ಎರಡು, ಕಣಕಾಲಿನ ಪಟ್ಟಿ. ಅದು ಹಿಮ್ಮಡಿಯನ್ನು ಹಿಂದಕ್ಕೆ, ಕೆಳಕ್ಕೆ ಓರೆಯಾಗಿ ಎಳೆಯಬೇಕು. ನೇರ ಅಡ್ಡ ಹಾಕಿದರೆ ಪಾದ ಮೇಲೇಳುತ್ತದೆ.

ಹಾಕುವ ಕ್ರಮವನ್ನು ಕೊಡುವ ದಿನವೇ ತಾಯಿ ಕೈಯಲ್ಲಿ ಮಾಡಿಸಿ. ಹೊಲಿಗೆ ಒತ್ತದ ತೆಳು ಹತ್ತಿ ಸಾಕ್ಸ್, ಮೊಣಕಾಲು ಮಡಚಿ ಹಿಮ್ಮಡಿ ಒಳಗೆ, ಮೊದಲು ಕಣಕಾಲ ಪಟ್ಟಿ, ಆಮೇಲೆ ಮೇಲಿನದು. ಮೊದಲ ದಿನ ಒಂದು ಗಂಟೆ, ನಂತರ ದಿನಾ ಸ್ವಲ್ಪ ಸ್ವಲ್ಪ ಹೆಚ್ಚು. ಬಿಚ್ಚಿದಾಗ ಕಂಡ ಕೆಂಪು 20ರಿಂದ 30 ನಿಮಿಷದಲ್ಲಿ ಹೋಗಬೇಕು. ಹೋಗದಿದ್ದರೆ ಪೆನ್ನಿನಿಂದ ಆ ಜಾಗಕ್ಕೆ ಗುರುತು ಹಾಕಿಕೊಂಡು ಬರಲಿ, ಬಿಸಿ ಮಾಡಿ ಉಬ್ಬಿಸಿಕೊಡುತ್ತೇವೆ.

ನಮ್ಮ ಬೇಸಿಗೆಗೆ: ಒಳಭಾಗ ತೊಳೆದು ನೆರಳಲ್ಲಿ ಒಣಗಿಸಿ, ಪತ್ರಾಸಿನ ಮೇಲೆ ಬಿಸಿಲಿಗೆ ಇಡಬೇಡಿ. ಸಾಕ್ಸ್ ಮಧ್ಯಾಹ್ನಕ್ಕೊಮ್ಮೆ ಬದಲಿಸಿ. ಬೆವರು ನಿಂತ ಚರ್ಮ ಎರಡೇ ದಿನಕ್ಕೆ ಕಿತ್ತುಹೋಗುತ್ತದೆ. ವೆಲ್ಕ್ರೊದಲ್ಲಿ ಮಣ್ಣು, ನೂಲು ತುಂಬಿದರೆ ಹಳೆ ಟೂತ್‌ಬ್ರಶ್‌ನಿಂದ ಕೆರೆಯಿರಿ.

ಶಿಶುವೈದ್ಯ, ಯಾದಗಿರಿ

ಬೇಸಿಗೆ ಮಾತು ಬಂತಲ್ಲ, ಔಷಧಿಯದೂ ಸೇರಿಸುತ್ತೇನೆ. ಡಿಸ್ಟೋನಿಯಾಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಫಿಟ್ಸ್‌ಗೆ ಕೊಡುವ ಟೋಪಿರಾಮೇಟ್ ಎರಡೂ ಬೆವರನ್ನು ಕಡಿಮೆ ಮಾಡುತ್ತವೆ. ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಮಗು ಒಣ ಚರ್ಮದಲ್ಲೇ ಮೈ ಕಾವು ಏರಿ ಸುಸ್ತಾಗುತ್ತದೆ, ಅದನ್ನು ಸೋಂಕಿನ ಜ್ವರ ಅಂತ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಮಾರ್ಚ್‌ನಲ್ಲೇ ಔಷಧಿ ಪಟ್ಟಿ ನೋಡಿ. ಬಿಗಿತ ಇಳಿಸಲು ಕೊಡುವ ಬ್ಯಾಕ್ಲೋಫೆನ್ ಮಾತ್ರ ಯಾವತ್ತೂ ದಿಢೀರ್ ನಿಲ್ಲಿಸಬಾರದು: ಬಿಗಿತ ಉಕ್ಕಿ ಬರುತ್ತದೆ, ಫಿಟ್ಸ್, ಭ್ರಮೆ ಆಗುತ್ತದೆ. ಮಾತ್ರೆಯ ಕೊನೆಯ ಸ್ಟ್ರಿಪ್ ಒಡೆದ ದಿನವೇ ಮುಂದಿನದು ತರಲು ಹೇಳಿ.

ಓಟಿ (ಆಕ್ಯುಪೇಷನಲ್ ಥೆರಪಿಸ್ಟ್), ಹುಮನಾಬಾದ್

ಮೇಲಿನ ಯಾರ ಮಾತನ್ನೂ ತಳ್ಳಿಹಾಕುತ್ತಿಲ್ಲ, ಆದರೆ 4, 5ನೇ ಮಟ್ಟದ ಮಗುವಿನ ದಿನ ಕಳೆಯುವುದು ಕೂತಲ್ಲಿ. ಕೂರುವುದು ಸರಿಹೋದರೆ ಊಟ, ಕೈ, ಕಣ್ಣು, ಮಾತು ಎಲ್ಲಕ್ಕೂ ದಾರಿ ಆಗುತ್ತದೆ. ಪ್ರಾಧ್ಯಾಪಕರು ಇದನ್ನು ಕೊನೆಗೆ ಎರಡು ನಿಮಿಷದಲ್ಲಿ ಮುಗಿಸುತ್ತಾರೆ, ಅದು ನನಗೆ ಒಪ್ಪಿಗೆ ಇಲ್ಲ.

ಕುರ್ಚಿಗೆ ನಾಲ್ಕು ಅಳತೆ. ಆಸನದ ಆಳ: ಕುಂಡಿಯ ಹಿಂಭಾಗದಿಂದ ಮಂಡಿಯ ಹಿಂದಿನವರೆಗೆ ಅಳೆದು 2ರಿಂದ 3 ಸೆಂ.ಮೀ. ಕಳೆಯಿರಿ. ಆಳ ಹೆಚ್ಚಾದರೆ ಮಗು ಮುಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ. ಅಗಲ: ಸೊಂಟದಗಲಕ್ಕೆ ಎರಡೂ ಕಡೆ ಒಂದೊಂದು ಬೆರಳು. ಪಾದದ ಹಲಗೆ: ಮಂಡಿಯ ಹಿಂಭಾಗದಿಂದ ಹಿಮ್ಮಡಿವರೆಗೆ, ಚಪ್ಪಲಿ ಅಥವಾ ಎಎಫ್‌ಒ ಹಾಕಿಯೇ ಅಳೆಯಿರಿ. ಮುಂದಿನ ಮೇಜು: ಭುಜ ಎತ್ತದೆ ಮೊಣಕೈ ಇಡುವಷ್ಟು.

ಸೊಂಟದ ಪಟ್ಟಿ ಹೊಟ್ಟೆ ಮೇಲೆ ಅಲ್ಲ, ತೊಡೆ ಮತ್ತು ಸೊಂಟ ಸೇರುವ ಮಡಿಕೆಯಲ್ಲಿ, ಆಸನಕ್ಕೆ 45 ಡಿಗ್ರಿ ಓರೆಯಾಗಿ. ತೊಡೆ ನಡುವೆ ಇಡುವ ದಿಮ್ಮಿ ಮಂಡಿ ಹತ್ತಿರ ಇರಬೇಕು. ಅದು ಇರುವುದು ಮಂಡಿ ಅಗಲಿಸಿ ಇಡಲು, ಮಗು ಜಾರದಂತೆ ತಡೆಯುವುದು ಅದರ ಕೆಲಸ ಅಲ್ಲ. ಜಾರುತ್ತಿದ್ದರೆ ಪಟ್ಟಿ ಸಡಿಲ ಅಥವಾ ಆಸನ ಆಳ, ಅದನ್ನು ಹುಡುಕಿ.

ಕಾರ್ಪೆಂಟರ್ ಸಿಗದಿದ್ದರೆ ರಟ್ಟಿನಲ್ಲೇ ಮಾಡಬಹುದು, ನಮ್ಮ ಬಿಸಿಲು ಇದಕ್ಕೆ ವರ. ಫ್ರಿಜ್, ಟಿವಿ ಬಂದ ಡಬ್ಬಿಯ ರಟ್ಟನ್ನು 4ರಿಂದ 6 ಪದರ, ಒಂದರ ಗೆರೆ ಉದ್ದಕ್ಕೆ ಇದ್ದರೆ ಮುಂದಿನದು ಅಡ್ಡಕ್ಕೆ ಇಟ್ಟು ಮೈದಾ ಅಂಟಿನಿಂದ ಜೋಡಿಸಿ. ಕಲ್ಲು ಹೇರಿ ಒತ್ತಿಟ್ಟು ಪೂರ್ತಿ ಒಣಗಿದ ಮೇಲೆಯೇ ಕತ್ತರಿಸಿ. ಅಂಚುಗಳಿಗೆ ಪತ್ರಿಕೆಯ ಪಟ್ಟಿ, ಮೇಲೆ ಕಂದು ಕಾಗದ ಎರಡು ಪದರ, ಪ್ರತಿ ಪದರ ಒಣಗಿಸಿ. ಅವಸರಕ್ಕೆ ಹಸಿಯ ಮೇಲೆ ಹಸಿ ಹಚ್ಚಿದರೆ ಒಳಗೆ ಬೂಸ್ಟು ಹಿಡಿದು ಮಳೆಗಾಲದಲ್ಲಿ ಕುಸಿಯುತ್ತದೆ. ಕೊನೆಗೆ ವಾರ್ನಿಶ್. ಹುಳ ಬಾರದಿರಲಿ ಅಂತ ಅಂಟಿಗೆ ಮೈಲುತುತ್ತ ಹಾಕುತ್ತಾರೆ, ಮಗು ಕಚ್ಚುವ ಕುರ್ಚಿಗೆ ಬೇಡವೇ ಬೇಡ. ಮೊದಲು ದೊಡ್ಡವರು ಕೂತು ನೋಡಿ, ಆಮೇಲೆ ಮಗು.

ಊಟ ಇದೇ ಕುರ್ಚಿಯಲ್ಲಿ. ಗದ್ದ ಚೂರು ಕೆಳಗೆ, ಉಣಿಸುವವರು ಮಗುವಿನ ಕಣ್ಣಿನ ಮಟ್ಟದಲ್ಲಿ ಕೂರಬೇಕು. ನಿಂತು ಉಣಿಸಿದರೆ ಕುತ್ತಿಗೆ ಹಿಂದಕ್ಕೆ ಹೋಗಿ ಅನ್ನ ಶ್ವಾಸನಾಳದ ಕಡೆ ಹೋಗುತ್ತದೆ. ನೀರು ಗಂಜಿಗಿಂತ ಜೋಳದ ನುಚ್ಚನ್ನು ಮೆತ್ತಗೆ ಕಿವುಚಿ, ಚಮಚದಿಂದ ಮೆಲ್ಲಗೆ ಜಾರುವಷ್ಟು ಗಟ್ಟಿ ಇರಲಿ. ಚಪ್ಪಟೆ ಚಮಚವನ್ನು ನಾಲಿಗೆಯ ನಡುವೆ ಒತ್ತಿ ನೇರ ಹೊರತೆಗೆಯಿರಿ, ಮೇಲಿನ ತುಟಿಗೆ ಒರೆಸಬೇಡಿ. ಉಣ್ಣುವಾಗ ಕೆಮ್ಮು, ಕಣ್ಣೀರು, ಗುಳುಗುಳು ದನಿ, ಪದೇಪದೇ ನ್ಯುಮೋನಿಯಾ ಅಥವಾ ಒಂದು ಊಟಕ್ಕೆ 30 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ನುಂಗುವ ಪರೀಕ್ಷೆಗೆ ಕಳಿಸಿ.

ವಿಶೇಷ ಶಿಕ್ಷಕಿ, ಸುರಪುರ

ಕಾಗದದ ವಿಷಯ ಚಿಕ್ಕದಾಗಿ ಹೇಳ್ತೀನಿ. ಅಂಗವಿಕಲತೆ ಶೇಕಡಾ 40 ಮತ್ತು ಮೇಲಿದ್ದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಬಹುಪಾಲು ಸೌಲಭ್ಯ ಸಿಗುತ್ತವೆ, ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿ. ಕೇಂದ್ರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ, ಸೆರೆಬ್ರಲ್ ಪಾಲ್ಸಿಗೂ ಇದೆ. ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದ ಮೂಲಕ ಜಿಲ್ಲೆಯ ಡಿಇಐಸಿಗೆ (ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ) ಚೀಟಿ ಪಡೆಯಬಹುದು. ವಿದ್ಯಾರ್ಥಿಗಳಿಗೆ ಒಂದೇ ವಿನಂತಿ: ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಬರೆಯಿರಿ. ಒಂದಕ್ಷರ ತಪ್ಪಿಗೆ ತಾಯಿ ಕೂಸನ್ನು ಹೊತ್ತು ಮತ್ತೆ ಬಸ್ ಹತ್ತಬೇಕಾಗುತ್ತದೆ.

ಪಿಎಂಆರ್ ಪಾಠ, ಕಲಬುರಗಿ

ಓಟಿ ಮೇಡಂ ಹೇಳಿದ್ದು ಸರಿ. ಕ್ರಮ ಬದಲಿಸುತ್ತೇನೆ. ಮೊದಲ 5 ನಿಮಿಷ ನೋಡುವುದು, ಆಮೇಲೆ 10 ನಿಮಿಷ ಮಗುವನ್ನು ಕುರ್ಚಿಯಲ್ಲಿ ಸರಿಯಾಗಿ ಕೂರಿಸಿ ನಾಲ್ಕು ತುತ್ತು ಉಣಿಸುವುದು, ವಿದ್ಯಾರ್ಥಿಯ ಕೈಯಿಂದಲೇ. ಗೋನಿಯೋಮೀಟರ್ ಅದಾದ ಮೇಲೆ. ಕೊನೆಗೆ ವಿದ್ಯಾರ್ಥಿ ಒಂದು ಚೀಟಿ ಬರೆಯಬೇಕು: ಮಟ್ಟ, ಸೊಂಟದ ಎಕ್ಸ್‌ರೇ ಯಾವಾಗ, ಎರಡು ತಿಂಗಳ ಒಂದೇ ಗುರಿ, ಮನೆಯಲ್ಲಿ ಮಾಡುವ ಒಂದೇ ಕೆಲಸ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು. ಕನ್ನಡದಲ್ಲೇ. ತಾಯಿ ಅದನ್ನು ಓದಿ ವಾಪಸ್ ಹೇಳಿದರೆ ಮಾತ್ರ ವಿದ್ಯಾರ್ಥಿಗೆ ಸಹಿ.

ಫಿಸಿಯೊ, ಜೇವರ್ಗಿ

ಓದ್ಲಿಕ್ಕೆ ಬರಲಾರದ ತಾಯಂದಿರೂ ಇರ್ತಾರ ಸರ್. ಅವರಿಗೆ ಓದಿ ಹೇಳ್ರಿ, ಮಾಡಿ ತೋರಿಸಲಿಕ್ಕೆ ಹಚ್ಚರಿ, ಅದರ ಮ್ಯಾಲ ಸಹಿ ಹಾಕ್ರಿ. ಮತ್ತ ಆ ಚೀಟಿಯೊಳಗ ಮಣಿ ಎತ್ತರ ಎಷ್ಟು ಇಂಚು ಅಂತ ಬರೀರಿ. ಮುಂದಿನ ಸರ್ತಿ ಬಂದಾಗ ಅಲ್ಲಿಂದನೇ ಶುರು ಮಾಡ್ತೀವಿ.